…ಮ್ಮ ಮತ್ತು ಸಂಗಡಿಗರು

ನನ್ನ ಹತ್ತಿರ ಒಂದು ಕ್ಯಾಸೆಟ್ ಇದೆ. ಅರವತ್ತು ನಿಮಿಷದ್ದು. ಮೇಲಿನ ಚೀಟಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ 'ರೇಡಿಯೊ' ಅಂತ ಮಾತ್ರ ಬರೆದಿದೆ. ಬರೆದವರು ನನ್ನ ಸೋದರಮಾವ.

ಪಾಂಡವಪುರದ ಹತ್ತಿರ ಅಮ್ಮನ ಊರು. ಅಲ್ಲಿ ಮಾವನಿಗೆ ಒಂದು ಚಿಕ್ಕ ಅಂಗಡಿ ಇತ್ತು. ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುತ್ತಿದ್ದರು. ಬಿಡುವಿದ್ದರೆ ರೇಡಿಯೊ ರಿಪೇರಿ. ಅಂಗಡಿಯ ಮೂಲೆಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಒಂದು ಟೂ-ಇನ್-ಒನ್ ಇಟ್ಟಿದ್ದರು. ಮೈಸೂರು ಆಕಾಶವಾಣಿಯಲ್ಲಿ ಮನಸ್ಸಿಗೆ ಹಿಡಿಸುವುದು ಏನಾದರೂ ಬಂದರೆ ಕೈಯಲ್ಲಿದ್ದ ತಾಮ್ರದ ತಂತಿ ಅಲ್ಲೇ ಬಿಟ್ಟು ಓಡಿ ಹೋಗಿ ಎರಡು ಗುಂಡಿ ಒಟ್ಟಿಗೆ ಒತ್ತುತ್ತಿದ್ದರಂತೆ. ಅವರು ಓಡಿ ಹೋಗುವಷ್ಟರಲ್ಲಿ ಹಾಡಿದವರ ಹೆಸರು ಅರ್ಧ ಹೇಳಿ ಆಗಿರುತ್ತಿತ್ತು.

ಬಿ ಬದಿಯಲ್ಲಿ ಒಂದು ಹಾಡಿದೆ. ಶುರುವಿನಲ್ಲಿ ಉದ್ಘೋಷಕಿಯ ದನಿ ಹೀಗೆ ಕೇಳುತ್ತದೆ: '…ಮ್ಮ ಮತ್ತು ಸಂಗಡಿಗರಿಂದ'. ಅಷ್ಟೇ. ಆಮೇಲೆ ಒಬ್ಬ ಹೆಂಗಸು ಎತ್ತಿ ಹಾಡುತ್ತಾಳೆ, ಮೂರೋ ನಾಲ್ಕೋ ಜನ ಹಿಂದೆ ಸೊಲ್ಲು ಹಿಡಿಯುತ್ತಾರೆ. ವಾದ್ಯ ಇಲ್ಲ, ಬರೀ ತಾಳ. 'ಆಲೆಮನೆ ಹೊಗೆ ಏಳೋ ಹೊತ್ತಿಗೆ ಅಣ್ಣ ಬಂದಾನೇನೇ' ಅನ್ನುವುದು ಪಲ್ಲವಿ. ಗಾಣ, ಕೊಪ್ಪರಿಗೆ, ಬಿಸಿ ಬೆಲ್ಲ, ತವರಿನ ದಾರಿ, ಎಲ್ಲ ಬರುತ್ತದೆ. ಮೂರನೇ ಸೊಲ್ಲಿನಲ್ಲಿ ಹಿಂದೆ ಹಾಡುವವರಲ್ಲಿ ಯಾರೋ ಒಬ್ಬಳಿಗೆ ನಗು ಬಂದುಬಿಡುತ್ತದೆ. ತಡೆದುಕೊಳ್ಳುತ್ತಾಳೆ, ಆದರೆ ಕೇಳಿಸುತ್ತದೆ. ನನಗೆ ಆ ನಗು ಚಿಕ್ಕಂದಿನಿಂದ ಬಾಯಿಪಾಠ.

ಈ ಹಾಡಿನ ಒಂದು ಸಾಲೂ ಇಂಟರ್ನೆಟ್ಟಿನಲ್ಲಿಲ್ಲ. ಗೂಗಲ್‌ನಲ್ಲಿ ಹತ್ತಾರು ಥರ ಬರೆದು ಹುಡುಕಿದ್ದೇನೆ. ಯೂಟ್ಯೂಬ್‌ನಲ್ಲಿ ಜನಪದ ಗೀತೆಗಳ ವಿಡಿಯೊ ಒಂದರ ಹಿಂದೆ ಒಂದು ಕೇಳಿದ್ದೇನೆ. ಹಾಡು ಗುರುತಿಸುವ ಆ್ಯಪ್‌ಗೂ ಕೇಳಿಸಿದೆ. ಅದು ಸ್ವಲ್ಪ ಹೊತ್ತು ಕಿವಿಗೊಟ್ಟು, ಸಿಗಲಿಲ್ಲ ಎಂದಿತು. ಅದರಲ್ಲಿ ಅಚ್ಚರಿ ಏನೂ ಇಲ್ಲ. ಆ ಆ್ಯಪ್ ಶಬ್ದದಲ್ಲಿ ಎದ್ದು ಕಾಣುವ ಬಿಂದುಗಳನ್ನು ಆರಿಸಿ ಒಂದು ಬೆರಳಚ್ಚಿನ ಹಾಗೆ ಮಾಡಿಕೊಳ್ಳುತ್ತದೆ. ತನ್ನಲ್ಲಿ ಮೊದಲೇ ಇರುವ ಬೆರಳಚ್ಚುಗಳ ಜೊತೆ ಹೋಲಿಸುತ್ತದೆ. ಯಾರೂ ಅದಕ್ಕೆ ಕೊಡದ ಹಾಡನ್ನು ಅದು ಗುರುತಿಸುವುದು ಹೇಗೆ?

ಇಂಟರ್ನೆಟ್ಟಿನ ಬಗೆಹರಿಯದ ಗುಟ್ಟುಗಳ ಬಗ್ಗೆ ನನಗೆ ಬಹಳ ಹಿಂದಿನಿಂದ ಹುಚ್ಚು. 2003ರಲ್ಲಿ ಸರಸ್ವತಿಪುರಂನ ಒಂದು ಸೈಬರ್ ಕೆಫೆಯಲ್ಲಿ, ಪ್ಲೈವುಡ್ ಅಡ್ಡಗೋಡೆಯ ನಡುವೆ ಕೂತು, ಗಂಟೆಗಿಷ್ಟು ಅಂತ ಕೊಟ್ಟು ಓದುತ್ತಿದ್ದೆ. ಆಗ ನಾನು ಅಂದುಕೊಂಡಿದ್ದು, ಗುಟ್ಟು ಅಂದರೆ ಯಾರೋ ಬೇಕೆಂದೇ ಬಚ್ಚಿಟ್ಟದ್ದು ಅಂತ. ಇಷ್ಟು ವರ್ಷ ಓದಿದ ಮೇಲೆ ಈಗ ಬೇರೆ ಅನ್ನಿಸುತ್ತದೆ. ಬಚ್ಚಿಟ್ಟದ್ದು ಕಡಿಮೆ. ಮರೆತುಹೋದದ್ದೇ ಜಾಸ್ತಿ. ಯಾರೋ ಒಬ್ಬರು ಮನೆಯಲ್ಲಿ ಎತ್ತಿಟ್ಟಿದ್ದರೆ ಅದು ಗುಟ್ಟೇ ಆಗುತ್ತಿರಲಿಲ್ಲ.

ಹೀಗೆ ಅನ್ನಿಸಲು ಕಾರಣ ಒಂದು ಜರ್ಮನ್ ಕ್ಯಾಸೆಟ್.

ಉತ್ತರ ಜರ್ಮನಿಯಲ್ಲಿ ಒಬ್ಬ ಹುಡುಗ 1984ರ ಸುಮಾರಿಗೆ ನನ್ನ ಮಾವ ಮಾಡುತ್ತಿದ್ದುದನ್ನೇ ಮಾಡುತ್ತಿದ್ದ. ಎನ್‌ಡಿಆರ್ ಅನ್ನುವ ರೇಡಿಯೊದಿಂದ ಹಾಡು ರೆಕಾರ್ಡ್ ಮಾಡುತ್ತಿದ್ದ. ಒಂದೇ ವ್ಯತ್ಯಾಸ. ಮಾವನಿಗೆ ಹೆಸರು ತಪ್ಪಿಹೋಗುತ್ತಿತ್ತು, ಆ ಹುಡುಗ ಬೇಕೆಂದೇ ಬಿಡುತ್ತಿದ್ದ. ಹಾಡುಗಳ ನಡುವೆ ಮಾತು ಇರಬಾರದು ಅಂತ ಅವನ ಆಸೆ. ಹಾಗಾಗಿ ಒಂದು ಹಾಡು ಹೆಸರಿಲ್ಲದೆ ಅವನ ಕ್ಯಾಸೆಟ್ಟಿನಲ್ಲಿ ಉಳಿಯಿತು. ಇಂಗ್ಲಿಷ್ ಹಾಡು, ಗಂಡಸಿನ ದಪ್ಪ ದನಿ, ಸಿಂಥಸೈಸರ್, ಗಿಟಾರ್. 2007ರಲ್ಲಿ ಅವನ ಸೋದರಿ ಅದರ ಒಂದು ತುಣುಕನ್ನು ಇಂಟರ್ನೆಟ್ಟಿಗೆ ಹಾಕಿ, ಇದು ಯಾರ ಹಾಡು ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದ ಸಂಗೀತವನ್ನು ಅರೆದು ಕುಡಿದವರಿಗೂ ಗೊತ್ತಾಗಲಿಲ್ಲ. 2019ರಲ್ಲಿ ಬ್ರೆಜಿಲ್‌ನ ಒಬ್ಬ ಹುಡುಗ ಈ ಹುಡುಕಾಟ ಕೈಗೆತ್ತಿಕೊಂಡ. ಅಲ್ಲಿಂದ ಸಾವಿರಾರು ಜನ ಸೇರಿಕೊಂಡರು. ಅವರು ಮಾಡಿದ ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ರೆಕಾರ್ಡ್ ಮಾಡಿದ ಟೆಕ್ನಿಕ್ಸ್ ಕಂಪನಿಯ ಟೇಪ್ ಡೆಕ್ ಯಾವ ವರ್ಷ ತಯಾರಾದದ್ದು ಅಂತ ಪತ್ತೆ ಮಾಡಿದರು. 1984. ಅಂದರೆ ಅದಕ್ಕಿಂತ ಮುಂಚೆ ರೆಕಾರ್ಡ್ ಆಗಿರಲು ಸಾಧ್ಯವಿಲ್ಲ. ಅದೇ ಕ್ಯಾಸೆಟ್ಟಿನ ಬೇರೆ ಹಾಡುಗಳು ಯಾವಾಗ ಬಂದವು ಅಂತ ಪಟ್ಟಿ ಮಾಡಿದರು. ಶಬ್ದವನ್ನು ಚಿತ್ರವಾಗಿ ಬಿಡಿಸಿ ನೋಡಿದಾಗ ಹತ್ತು ಕಿಲೊಹರ್ಟ್ಸ್ ಹತ್ತಿರ ಒಂದು ಸಣ್ಣ ಗೆರೆ ಕಂಡಿತು. ಎನ್‌ಡಿಆರ್‌ನಿಂದ ಹಿಡಿದ ಬೇರೆ ಹಾಡುಗಳಲ್ಲೂ ಅದೇ ಗೆರೆ. ಹಾಗಾದರೆ ಇದು ಅದೇ ಸ್ಟೇಷನ್ನಿನದು. ಹಾಡಿನವನ ಉಚ್ಚಾರ ಯಾವ ದೇಶದ್ದು ಅಂತ ವರ್ಷಗಟ್ಟಲೆ ವಾದ ನಡೆಯಿತು.

2024ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಕೀಲ್ ಎಂಬ ಬಂದರು ಊರಿನ 'ಫೆಕ್ಸ್' ಅನ್ನುವ ಒಂದು ಸಣ್ಣ ಬ್ಯಾಂಡ್. ಹಾಡಿನ ಹೆಸರು 'ಸಬ್‌ವೇಸ್ ಆಫ್ ಯುವರ್ ಮೈಂಡ್'. ಸಿಕ್ಕಿದ್ದು ಹೇಗೆ ಗೊತ್ತಾ? ಹುಡುಕುವವರಲ್ಲಿ ಒಬ್ಬರು ಕೂತು ಹಳೆಯ ಊರು ಪತ್ರಿಕೆಗಳನ್ನು ತಿರುವಿ ಹಾಕಿದರು. ಅಲ್ಲಿ ಈ ಬ್ಯಾಂಡಿನ ಸುದ್ದಿ ಇತ್ತು. ಅದರಲ್ಲಿದ್ದವರನ್ನು ಸಂಪರ್ಕಿಸಿದರು. ಅವರ ಹತ್ತಿರ ಹಳೆಯ ಟೇಪು ಇನ್ನೂ ಇತ್ತು. ಜಗತ್ತು ತಮ್ಮನ್ನು ಹುಡುಕುತ್ತಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ರೇಡಿಯೊದಲ್ಲಿ ಬಂದು ನಲವತ್ತು ವರ್ಷ, ಸೋದರಿ ಕೇಳಿ ಹದಿನೇಳು ವರ್ಷ.

ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುವೆಂಪುನಗರದ ನನ್ನ ಮನೆಯ ಅಟ್ಟ ಹತ್ತಿ ಮಾವನ ಕ್ಯಾಸೆಟ್ಟು ತೆಗೆದೆ.

ಎಲ್ಲ ಗುಟ್ಟೂ ಇಷ್ಟು ಚೆಂದವಾಗಿ ಬಿಚ್ಚಿಕೊಳ್ಳುವುದಿಲ್ಲ, ನಿಜ. 2013ರಿಂದ ಯೂಟ್ಯೂಬ್‌ನಲ್ಲಿ 'ವೆಬ್‌ಡ್ರೈವರ್ ಟೋರ್ಸೊ' ಅಂತ ಒಂದು ಚಾನೆಲ್ ಇತ್ತು. ಹನ್ನೊಂದು ಹನ್ನೊಂದು ಸೆಕೆಂಡಿನ ವಿಡಿಯೊ. ಕೆಂಪು ಆಯತ, ನೀಲಿ ಆಯತ, ಒಂದು ಪೀಪ್ ಸದ್ದು. ಅಂಥವು ಹತ್ತಾರು ಸಾವಿರ. ಗೂಢಚಾರರ ಸಂಕೇತ ಇರಬೇಕು, ಬೇರೆ ಗ್ರಹದವರ ಕರೆ ಇರಬೇಕು ಅಂತ ಜನ ಮಾತಾಡಿಕೊಂಡರು. ಕೊನೆಗೆ 2014ರಲ್ಲಿ ಗೂಗಲ್ಲೇ ಒಪ್ಪಿಕೊಂಡಿತು. ವಿಡಿಯೊ ಹಾಕಿದಾಗ ಗುಣಮಟ್ಟ ಕೆಡುತ್ತದೆಯೇ ಅಂತ ನೋಡಲು ಅವರದೇ ಯಂತ್ರ ಮಾಡುತ್ತಿದ್ದ ಪರೀಕ್ಷೆ ಅದು. ಬಹಳ ಜನರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ರಾತ್ರಿ ಹಗಲು ಯಾರೂ ನೋಡದ ಕಡೆ ಒಂದು ಯಂತ್ರ ತನ್ನ ಕೆಲಸ ತಾನು ಮಾಡುತ್ತಿತ್ತು. ನಾವು ಆಕಸ್ಮಿಕವಾಗಿ ಬಾಗಿಲು ತೆಗೆದು ನೋಡಿದೆವು. ಅದೂ ಒಂದು ಸೊಗಸೇ.

ಕತೆ ತಾನಾಗಿ ಹರಡುವುದು ಇಂಟರ್ನೆಟ್ಟಿನಿಂದ ಶುರುವಾಯಿತು ಅಂತ ಹೇಳುವವರಿದ್ದಾರೆ. ಅವರು ನಮ್ಮೂರಿನ ಬಾಗಿಲುಗಳನ್ನು ನೋಡಿಲ್ಲ. ತೊಂಬತ್ತರ ದಶಕದಲ್ಲಿ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಮನೆಮನೆ ಬಾಗಿಲ ಮೇಲೂ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ, ಕೆಲವು ಕಡೆ ಪೇಂಟಿನಲ್ಲಿ. ರಾತ್ರಿ ಒಂದು ದೆವ್ವ ಬರುತ್ತದೆ, ನಿಮ್ಮ ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಅಂತಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ. ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, "ದುಂಡುಗೆ ಬರಿ ಮಗಾ, ಅದ್ಕೆ ಓದೋಕ್ ಆಗ್ಬೇಕು" ಎಂದಿದ್ದಳು. ಹೆದರಿಕೆಯಲ್ಲಿ 'ಳೆ' ಸರಿಯಾಗಿ ಬರಲಿಲ್ಲ. ರಾತ್ರಿಯೆಲ್ಲ ಎದ್ದಿದ್ದೆ.

ಫೋನ್ ಇರಲಿಲ್ಲ, ಟಿವಿ ಊರಿಗೆ ಒಂದೋ ಎರಡೋ. ಮೊದಲು ಬರೆದವರು ಯಾರು? ಯಾವ ಊರಿನ ಯಾವ ಬಾಗಿಲು? ಸಂತೆಗೆ ಹೋದವರು ತಂದರಾ, ಹಬ್ಬಕ್ಕೆ ಬಂದ ಮಗಳು ತಂದಳಾ? ಇವತ್ತು ಒಂದು ಮೀಮ್ ಎಲ್ಲಿ ಹುಟ್ಟಿತು ಅಂತ ಗಂಟೆ ನಿಮಿಷದ ಲೆಕ್ಕದಲ್ಲಿ ಹುಡುಕಬಹುದು. 'ನಾಳೆ ಬಾ' ಮಾತ್ರ ಮಳೆಗೆ ತೊಳೆದು ಹೋಯಿತು.

ಗಣೇಶ ಹಾಲು ಕುಡಿದದ್ದೂ ಹಾಗೇ. 1995ರ ಸೆಪ್ಟೆಂಬರ್ 21. ಶಾಲೆ ಬಿಟ್ಟು ಮನೆಗೆ ಬಂದರೆ ಅಮ್ಮ ಚಮಚ, ಲೋಟ ಹಿಡಿದು ಗುಡಿಯ ಸಾಲಿನಲ್ಲಿ ನಿಂತಿದ್ದಳು. ದಿಲ್ಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದರು. ಮೇಲ್ಮೈ ಎಳೆತಕ್ಕೆ ಚಮಚದ ಹಾಲು ಕಲ್ಲಿಗೆ ಅಂಟಿ ತೆಳ್ಳಗೆ ಕೆಳಗಿಳಿಯುತ್ತಿತ್ತು, ಬಿಳಿ ಹಾಲು ಆದ್ದರಿಂದ ಹರಿಯುವುದು ಕಾಣುತ್ತಿರಲಿಲ್ಲ. ಸುದ್ದಿ ಅದೇ ದಿನ ವಿದೇಶದ ಗುಡಿಗಳಿಗೂ ಮುಟ್ಟಿತ್ತು. ಭಾರತದಲ್ಲಿ ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟಿದ್ದು ಅದೇ ವರ್ಷ ಆಗಸ್ಟ್ 15ರಂದು. ಬರೀ ಐದು ವಾರ ಮುಂಚೆ. ಮಂಡ್ಯದಲ್ಲಿ ಅದರ ಹೆಸರೇ ಕೇಳಿದವರಿಲ್ಲ. ಆದರೂ ಚಮಚಗಳು ಎದ್ದು ನಿಂತಿದ್ದವು.

ಹೀಗಾಗಿ ಕೆಲವು ವರ್ಷಗಳ ಹಿಂದೆ ತಂಗಿ ಗಾಬರಿಯಿಂದ ಫೋನ್ ಮಾಡಿದಾಗ ನಾನು ಬೈಯಲಿಲ್ಲ. ಮಗಳ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಮೊಮೊ' ಚಿತ್ರ ಬಂದಿತ್ತು. ಉಬ್ಬಿದ ಕಣ್ಣು, ಕಿವಿಯವರೆಗೆ ಸೀಳಿದ ಬಾಯಿ. ಇದು ಮಕ್ಕಳಿಗೆ ಮೆಸೇಜ್ ಮಾಡಿ ಅಪಾಯಕ್ಕೆ ದೂಡುತ್ತದೆ ಅಂತ ಒಕ್ಕಣೆ. ಆ ಮುಖ ಜಪಾನಿನ ಕಲಾವಿದ ಕೈಸುಕೆ ಐಸೊ 2016ರಲ್ಲಿ ಒಂದು ಪ್ರದರ್ಶನಕ್ಕೆ ಮಾಡಿದ ಶಿಲ್ಪ. ಮುಖ ಹೆಣ್ಣಿನದು, ಕಾಲು ಹಕ್ಕಿಯದು. ಅದು ಕೊಳೆತು ಹಾಳಾಯಿತು ಅಂತ ಅವರೇ 2018ರಲ್ಲಿ ಬಿಸಾಡಿದರು. 2019ರಲ್ಲಿ ಜಗತ್ತೆಲ್ಲ ಮತ್ತೆ ಹೆದರುತ್ತಿದ್ದಾಗ ಮೊಮೊ ಇರಲೇ ಇಲ್ಲ. ಸೊಸೆಗೆ ಇದನ್ನೆಲ್ಲ ಹೇಳಿ, ಪೂರ್ತಿ ಶಿಲ್ಪದ ಫೋಟೊ ತೋರಿಸಿದೆ. ಕೋಳಿ ಕಾಲು ನೋಡಿ ಅವಳ ಹೆದರಿಕೆ ಇಳಿಯಿತು. ಬರೀ 'ಅದೆಲ್ಲ ಸುಳ್ಳು' ಅಂತ ಹೇಳಿದ್ದರೆ ಇಳಿಯುತ್ತಿರಲಿಲ್ಲ. ಯಾರು ಮಾಡಿದರು, ಯಾವುದರಿಂದ ಮಾಡಿದರು ಅಂತ ಗೊತ್ತಾಗಬೇಕು. ದೊಡ್ಡವರಿಗೂ ಅಷ್ಟೇ ಅಲ್ವಾ?

ಬೇಕೆಂದೇ ಬಚ್ಚಿಟ್ಟ ಗುಟ್ಟಿನ ಮಾತಿಗೆ ಬಂದರೆ, ಅದರಲ್ಲಿ ದೊಡ್ಡದು 'ಸಿಕಾಡಾ 3301'. 2012ರ ಜನವರಿ. ನಾನಾಗ ಹೂಟಗಳ್ಳಿಯಲ್ಲಿ ಗೆಳೆಯನ ಜೊತೆ ರೂಮು ಮಾಡಿಕೊಂಡಿದ್ದೆ. ಇಂಟರ್ನೆಟ್ಟಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇದ್ದ ಒಂದು ಚಿತ್ರ ಬಂತು. ತುಂಬಾ ಬುದ್ಧಿವಂತರನ್ನು ಹುಡುಕುತ್ತಿದ್ದೇವೆ, ಈ ಚಿತ್ರದೊಳಗೆ ಒಂದು ಸಂದೇಶ ಇದೆ, ಅದು ನಮ್ಮ ಬಳಿಗೆ ದಾರಿ ತೋರಿಸುತ್ತದೆ ಅಂತ ಅದರ ಸಾರ. ಚಿತ್ರದ ಬಣ್ಣಗಳ ಲೆಕ್ಕದಲ್ಲಿ ಕಣ್ಣಿಗೆ ಗೊತ್ತಾಗದಷ್ಟು ಬದಲಾವಣೆ ಮಾಡಿ ಅಕ್ಷರ ಅಡಗಿಸಬಹುದು. ಆಮೇಲೆ ಬಂದ ಚಿತ್ರದಲ್ಲಿ ಹಾಗೆ ಅಡಗಿಸಿದ್ದರು. ಒಂದು ಬಿಡಿಸಿದರೆ ಇನ್ನೊಂದು. ಕೆಲವೇ ದಿನಗಳಲ್ಲಿ ವಾರ್ಸಾ, ಪ್ಯಾರಿಸ್, ಸಿಯಾಟಲ್, ಸೋಲ್ ಮುಂತಾದ ಊರುಗಳ ಕಂಬಗಳ ಮೇಲೆ ಪೋಸ್ಟರ್ ಕಾಣಿಸಿಕೊಂಡವು. ಅಂದರೆ ಇದು ಒಬ್ಬ ಹುಡುಗನ ತಮಾಷೆ ಅಲ್ಲ. ನನ್ನ ಗೆಳೆಯ ಮೂರು ರಾತ್ರಿ ನಿದ್ದೆಗೆಟ್ಟ. ನಾನು ಟೀ ಮಾಡಿಕೊಡುತ್ತಿದ್ದೆ. 2013ರಲ್ಲಿ ಇನ್ನೊಮ್ಮೆ ಬಂತು. 2014ರಲ್ಲಿ ಒಂದಿಷ್ಟು ಪುಟಗಳು ಬಂದವು, ರೂನ್ ಎಂಬ ಹಳೆಯ ಯುರೋಪಿನ ಲಿಪಿಯಲ್ಲಿ. ಅದರ ಹೆಚ್ಚಿನ ಪುಟಗಳು ಇನ್ನೂ ಯಾರಿಗೂ ಓದಲು ಆಗಿಲ್ಲ.

ಆ ಪುಟಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಸಿರಿಭೂವಲಯ. ಕುಮುದೇಂದು ಮುನಿಯ ಕೃತಿ. ಅಕ್ಷರವೇ ಇಲ್ಲ, ಬರೀ ಅಂಕಿ. ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಚೌಕ. ಒಂದರಿಂದ ಅರವತ್ನಾಲ್ಕರವರೆಗಿನ ಅಂಕಿಗಳು, ಒಂದೊಂದಕ್ಕೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕು ಅಂತ ದಾರಿ ಗೊತ್ತಿದ್ದರೆ ಕನ್ನಡದ ಪದ್ಯ ಹೊರಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೂತು ಇದನ್ನು ಹೆಣೆದವರ ತಾಳ್ಮೆ ಎಂಥದ್ದು! ಸಿಕಾಡಾದ ಬಗ್ಗೆ ಕಣ್ಣರಳಿಸುವ ನಮ್ಮ ಹುಡುಗರಿಗೆ ನಾನು ಇದನ್ನು ತೋರಿಸುತ್ತೇನೆ.

ಬಿಟ್‌ಕಾಯಿನ್ ಮಾಡಿದ ಸತೋಶಿ ನಕಮೊಟೊ ಯಾರು ಅನ್ನುವುದು ಇನ್ನೊಂದು. 2008ರ ಅಕ್ಟೋಬರ್ 31ರಂದು ಒಂದು ಪ್ರಬಂಧ ಹಾಕಿ, ಎರಡೂವರೆ ವರ್ಷ ಕೆಲಸ ಮಾಡಿ, 2011ರಲ್ಲಿ ಮಾತು ನಿಲ್ಲಿಸಿದ ವ್ಯಕ್ತಿ. ಇದರ ಬಗ್ಗೆ ನನಗೆ ಕುತೂಹಲ ಕಡಿಮೆ. ಬೇಡ ಅಂತ ಎದ್ದು ಹೋದವರನ್ನು ಬಿಟ್ಟುಬಿಡಬೇಕು. ಬಚ್ಚಿಟ್ಟುಕೊಂಡವರು ಬೇರೆ, ನಾವು ಮರೆತವರು ಬೇರೆ. ಇಬ್ಬರನ್ನೂ ಒಂದೇ ಹಟದಲ್ಲಿ ಹುಡುಕಬಾರದು. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟ ಆದಾಗ, ಕಂಪ್ಯೂಟರ್ ಮುಂದೆ ಕೂತವರು ತಾವೇ ಪತ್ತೇದಾರರಾಗಿ ಏನೂ ಅರಿಯದ ಒಬ್ಬ ಹುಡುಗನ ಕಡೆ ಬೆರಳು ತೋರಿಸಿದ್ದರು. ಆ ಮನೆಯವರು ಆಗಲೇ ಕಾಣೆಯಾದ ಮಗನನ್ನು ಹುಡುಕುತ್ತಿದ್ದರು. ಹುಡುಕಾಟದ ಖುಷಿಯಲ್ಲಿ ನಾನೂ ಇದನ್ನು ಮರೆಯಬಾರದು ಅಂತ ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ.

ಮರೆತುಹೋದದ್ದು ವಾಪಸ್ ಸಿಗುವ ಕತೆ ಬೇಕಾದರೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜ ಬುಲೆವಾರ್ಡ್‌ನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರ ಅಂತ ಒಂದು ಗ್ರಂಥ ಇತ್ತು ಅನ್ನುವುದು ಬೇರೆ ಗ್ರಂಥಗಳಿಂದ ಎಲ್ಲರಿಗೂ ಗೊತ್ತಿತ್ತು. ಗ್ರಂಥ ಮಾತ್ರ ಕಳೆದುಹೋಗಿತ್ತು, ನೂರಾರು ವರ್ಷಗಳಿಂದ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ಅಲ್ಲಿಗೆ ತಂದು ಕೊಟ್ಟರು. 'ಗ್ರಂಥ' ಎಂಬ ಹೆಸರಿನ ಹಳೆಯ ಲಿಪಿಯಲ್ಲಿತ್ತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಗರಿ ಗರಿ ಓದಿ, ಇದು ಅದೇ ಅಂತ ಗುರುತಿಸಿದರು. 1909ರಲ್ಲಿ ಅಚ್ಚಾಯಿತು. ಆ ರಸ್ತೆಯಲ್ಲಿ ಹೋಗುವಾಗೆಲ್ಲ ನಾನು ಆ ಪಂಡಿತರ ಬಗ್ಗೆ ಯೋಚಿಸುತ್ತೇನೆ. ಅವರ ಮನೆಯಲ್ಲಿ ಎಷ್ಟು ತಲೆಮಾರು ಅದಕ್ಕೆ ಎಣ್ಣೆ ಸವರಿ, ಹುಳ ಬೀಳದ ಹಾಗೆ ಕಾಪಾಡಿರಬಹುದು? ಒಂದು ಮಳೆಗಾಲ ಯಾರಾದರೂ ಒಲೆಗೆ ಹಾಕಿದ್ದರೆ?

ಇಂಟರ್ನೆಟ್ಟಿಗೆ ಎಣ್ಣೆ ಸವರುವವರು ಕಡಿಮೆ. ಜನ ತಮ್ಮದೇ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೊಸಿಟೀಸ್ 2009ರಲ್ಲಿ ಮುಚ್ಚಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಅಲ್ಲಿ ನಮ್ಮ ಮಂಡ್ಯದ ಹುಡುಗರೆಲ್ಲ ಸೇರಿ ಮಾತಾಡಿದ್ದು, ಜಗಳ ಆಡಿದ್ದು, ಒಗಟು ಹಂಚಿಕೊಂಡಿದ್ದು ಈಗ ಎಲ್ಲೂ ಇಲ್ಲ. ಹಳೆಯ ಪುಟಗಳನ್ನು 1996ರಿಂದ ಎತ್ತಿಡುತ್ತಾ ಬಂದಿರುವ ಇಂಟರ್ನೆಟ್ ಆರ್ಕೈವ್ ಇಲ್ಲದಿದ್ದರೆ ಇನ್ನೂ ಎಷ್ಟೋ ಹೋಗುತ್ತಿತ್ತು. 'ಬ್ಯಾಕ್‌ರೂಮ್ಸ್' ಅಂತ ಹೆಸರಾದ ಹಳದಿ ಕೋಣೆಯ ಫೋಟೊ ನೋಡಿರುತ್ತೀರಿ. ಯಾರೂ ಇಲ್ಲದ, ಮುಗಿಯದ ಕೋಣೆಗಳು. ಅದರ ಮೇಲೆ ಎಷ್ಟೊಂದು ಭಯದ ಕತೆಗಳು ಹುಟ್ಟಿದವು. ಅಮೆರಿಕದ ಆಶ್‌ಕಾಶ್ ಎಂಬ ಊರಿನಲ್ಲಿ, ಆಟಿಕೆ ಕಾರು ಮಾದರಿಗಳನ್ನು ಮಾರುವ ಅಂಗಡಿಯನ್ನು 2002ರಲ್ಲಿ ರಿಪೇರಿ ಮಾಡುವಾಗ ತೆಗೆದ ಫೋಟೊ ಅದು ಅಂತ 2024ರಲ್ಲಿ ಗೊತ್ತಾಯಿತು. ಆರ್ಕೈವಿನಲ್ಲಿ ಆ ಅಂಗಡಿಯ ಹಳೆಯ ಪುಟ ಉಳಿದಿತ್ತು. ಅದಕ್ಕೇ ಗೊತ್ತಾಯಿತು.

ಕನ್ನಡದ ಪಾಡು ಇನ್ನೂ ಸೂಕ್ಷ್ಮ. ಹೋದ ವರ್ಷ ಒಬ್ಬ ಹುಡುಗ, ನನ್ನ ಸಹೋದ್ಯೋಗಿಯ ಮಗ, ಒಂದು ಫೈಲ್ ಕಳಿಸಿದ. ಹಳೆಯ ಸಿ.ಡಿ.ಯಲ್ಲಿ ಸಿಕ್ಕಿತಂತೆ. ತೆರೆದರೆ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೆರೆ, ಚುಕ್ಕಿ, ನಡುವೆ ಪೌಂಡ್ ಚಿಹ್ನೆ. "ಅಂಕಲ್, ಇದು ಕೋಡ್ ಇರಬಹುದಾ?" ಅಂತ ಕೇಳಿದ. ಎರಡು ದಿನ ಬಿಡಿಸಲು ಒದ್ದಾಡಿದ್ದನಂತೆ. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಅದು 'ನುಡಿ' ತಂತ್ರಾಂಶದ ಅಕ್ಷರ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ. ಪರಿವರ್ತಕಕ್ಕೆ ಹಾಕಿದೆ. ಒಂದು ಹಾಲು ಉತ್ಪಾದಕರ ಸಂಘದ ಸಭೆಯ ನೋಟಿಸು. ಕೊನೆಯಲ್ಲಿ 'ಎಲ್ಲರೂ ತಪ್ಪದೆ ಬರಬೇಕು' ಅಂತಿತ್ತು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಮಕ್ಕಳಿಗೆ ನಮ್ಮದೇ ಭಾಷೆ ಇಪ್ಪತ್ತು ವರ್ಷದಲ್ಲಿ ಸಂಕೇತ ಲಿಪಿ ಆಗಿಬಿಟ್ಟಿತ್ತು. ಆ ಕಾಲದಲ್ಲಿ ಟೈಪ್ ಮಾಡಿದ ಎಷ್ಟು ಕತೆ, ಎಷ್ಟು ಕಾಗದ, ಎಷ್ಟು ಹಾಡು ಹೀಗೆ ಕೂತಿವೆಯೋ.

ರೇಡಿಯೊ ವಿಷಯದಲ್ಲೂ ಮೈಸೂರಿಗೆ ಒಂದು ಋಣ ಇದೆ ಅಂತ ನನ್ನ ಭಾವನೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅಂತ ದೇಶಕ್ಕೆಲ್ಲ ಈಗ ಗೊತ್ತಿರುವ ಹೆಸರು ಬಳಕೆಗೆ ಬಂದದ್ದೇ ಆ ಮನೆಯಿಂದ. ಅಲ್ಲಿಂದ ಈವರೆಗೆ ಈ ಊರಿನ ಗಾಳಿಯಲ್ಲಿ ಎಷ್ಟು ದನಿ ಹೋಗಿದೆಯೋ. ಹಿಂದೆ ಟೇಪು ದುಬಾರಿ. ಬಿಬಿಸಿಯಂಥ ದೊಡ್ಡ ಸಂಸ್ಥೆಯೂ ಒಂದು ಕಾಲದಲ್ಲಿ ರೆಕಾರ್ಡ್ ಆದದ್ದನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸುತ್ತಿತ್ತು. ಅಳಿದುಹೋದ ಕೆಲವು ಕಾರ್ಯಕ್ರಮಗಳ ಶಬ್ದ ಉಳಿದದ್ದು, ಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ ಕೇಳುಗರಿಂದ. ಮಾವನಂಥವರಿಂದ.

ಸರಿ, ಕ್ಯಾಸೆಟ್ ವಿಷಯಕ್ಕೆ ಬರುತ್ತೇನೆ.

ಹಳೆಯ ಟೂ-ಇನ್-ಒನ್‌ನ ಬೆಲ್ಟ್ ಅಂಟು ಅಂಟಾಗಿ ಕರಗಿತ್ತು. ಶಿವರಾಂಪೇಟೆ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕಿದರು. ಬೆಲ್ಟ್ ಬದಲಿಸಿ, ಹೆಡ್ ಒರೆಸಿ, ಕ್ಯಾಸೆಟ್ಟಿನೊಳಗೆ ಉದುರಿದ್ದ ಫೆಲ್ಟ್ ತುಂಡನ್ನು ಅಂಟಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳುವ ಮುಂಚೆ ಹಾಡು ಪೂರ್ತಿ ಕೇಳಿದರು. ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಜರ್ಮನ್ ಹಾಡು ಹುಡುಕಿದವರ ಹಾಗೆ, ನಾನೂ ಸೆಕೆಂಡ್ ಸೆಕೆಂಡ್ ಬಿಡಿಸಿ ಕೇಳಿದೆ.

ಹಾಡು ಮುಗಿದ ಮೇಲೆ ಹದಿನೆಂಟು ಸೆಕೆಂಡ್ ಟೇಪು ಓಡಿದೆ. ಮಾವ ನಿಲ್ಲಿಸಲು ಮರೆತಿರಬೇಕು. ಆ ಹದಿನೆಂಟು ಸೆಕೆಂಡನ್ನು ನಾನು ಚಿಕ್ಕಂದಿನಲ್ಲಿ ಕೇಳಿಯೇ ಇರಲಿಲ್ಲ, ಹಾಡು ಮುಗಿದ ತಕ್ಷಣ ಹಿಂದಕ್ಕೆ ಸುತ್ತುತ್ತಿದ್ದೆ. ಒಬ್ಬ ಗಂಡಸಿನ ದನಿ. ಮುಂಗಾರಿನ ಭತ್ತಕ್ಕೆ ಒಟ್ಲು ಬಿಡುವ ರೈತ ಬಾಂಧವರಿಗೆ ಅಂತ ಏನೋ ಹೇಳುತ್ತಾರೆ, ಮಧ್ಯೆ ಗರಗರ. ಒಟ್ಲು ಅಂದರೆ ಭತ್ತದ ಸಸಿ ಮಡಿ. ಆಮೇಲೆ ಸ್ಪಷ್ಟವಾಗಿ: 'ಕೃಷ್ಣರಾಜಸಾಗರ, ತೊಂಬತ್ತೇಳು ಅಡಿ'. ಟಕ್. ಮುಗಿಯಿತು.

ನಾನು ಕುರ್ಚಿಯಿಂದ ಎದ್ದು ನಿಂತೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ! ತುಂಬಿದರೆ 124.80 ಅಡಿ ಅನ್ನುವುದು ಮಂಡ್ಯದ ಮಗುವಿಗೂ ಗೊತ್ತು. ನಮ್ಮ ಕಡೆ ಪತ್ರಿಕೆ ಬಿಚ್ಚಿದರೆ ಮೊದಲು ನೋಡುವುದೇ ಅದನ್ನು. ದಿನಾ ಅಚ್ಚಾಗುತ್ತದೆ. ಜರ್ಮನಿಯವರಿಗೆ ಟೇಪ್ ಡೆಕ್ ಕಾಲ ಹೇಳಿತು. ನನಗೆ ಕಾವೇರಿ ಹೇಳುತ್ತಾಳೆ.

ಅತ್ತೆಗೆ ಫೋನ್ ಮಾಡಿದೆ. ಟೂ-ಇನ್-ಒನ್ ಯಾವಾಗ ತಗೊಂಡಿದ್ದು ಅಂತ ಕೇಳಿದೆ.

"ನಮ್ ಮದ್ವೆ ಆದ್ ವರ್ಸವೇ ಕಣಪ್ಪಾ. ಎಂಬತ್ಮೂರು. ಚಿನ್ನ ತರ್ತೀನಿ ಅಂತ ಮೈಸೂರ್ಗೆ ಹೋದೋರು ಅದ್ನ ತಂದ್ರು."

"ರೆಕಾರ್ಡ್ ಮಾಡೋದು ಯಾವಾಗ ಬಿಟ್ರು?"

"ನಿನ್ ಭಾವಮೈದ ಗುಂಡಿ ಕಿತ್ತಾಕ್ದಾಗ. ಅವ್ನಿಗಾಗ ನಾಕು ವರ್ಸ. ಎಂಬತ್ತೆಂಟು ಇರ್ಬೇಕು. ಅದ್ಯಾಕಪ್ಪಾ ಈಗ?"

ಐದೋ ಆರೋ ಮುಂಗಾರು. ಒಟ್ಲು ಬಿಡುವುದು ಅಂದರೆ ಜೂನ್, ಜುಲೈ. ಆ ತಿಂಗಳುಗಳಲ್ಲಿ ಮಟ್ಟ 97 ಅಡಿ ದಾಟಿದ ದಿನಗಳು ಯಾವುವು? ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಬೈಂಡುಗಳು ಇವೆ. ನಾಲ್ಕು ಭಾನುವಾರ ಹೋಗಿ ಕೂತೆ. ಪುಟ ತಿರುವಿದರೆ ಅಂಚು ಪುಡಿಯಾಗಿ ಕೈಗೆ ಬರುತ್ತದೆ, ಉಸಿರು ಬಿಗಿಹಿಡಿದು ತಿರುವಬೇಕು. ಕೆಲವು ದಿನದ ಪತ್ರಿಕೆಗಳೇ ಇಲ್ಲ. ಇದ್ದಷ್ಟರಲ್ಲಿ ಹನ್ನೊಂದು ದಿನ ಸಿಕ್ಕಿದವು.

ನಾನು ಲೆಕ್ಕ ಹಾಕದೇ ಇದ್ದದ್ದು ಇನ್ನೊಂದು ಅದೇ ಪುಟಗಳಲ್ಲಿತ್ತು. 'ಇಂದಿನ ಆಕಾಶವಾಣಿ'. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಬೆಳಗಿನ ವಂದನೆಯಿಂದ ರಾತ್ರಿಯವರೆಗೆ ಯಾರು ಹಾಡುತ್ತಾರೆ, ಯಾರು ಮಾತಾಡುತ್ತಾರೆ ಅಂತ ಹೆಸರು ಸಮೇತ. ಹನ್ನೊಂದು ದಿನಗಳಲ್ಲಿ ಸಂಜೆಯ ರೈತರ ಕಾರ್ಯಕ್ರಮದ ಹೊತ್ತಿಗೆ 'ಜನಪದ ಗೀತೆಗಳು' ಅಂತ ಇರುವುದು ಆರು ದಿನ. ಅದರಲ್ಲಿ ಹೆಸರು ಹಾಕಿರುವುದು ನಾಲ್ಕು ದಿನ. 'ಮ್ಮ ಮತ್ತು ಸಂಗಡಿಗರು' ಅಂತ ಮುಗಿಯುವುದು ಎರಡು.

ಆ ಎರಡು ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರನ್ನೋ, ಅವರ ಮನೆಯವರನ್ನೋ ಕೇಳದೆ ಬರೆಯಬಾರದು. ಒಬ್ಬರ ಹೆಸರಿನ ಮುಂದೆ ಊರೂ ಇದೆ. ಮಳವಳ್ಳಿ ದಾರಿಯಲ್ಲಿ ಒಳಗೆ ಹೋಗಬೇಕು. ಆ ಊರಿನ ಒಬ್ಬ ಮೇಷ್ಟ್ರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಸೋಬಾನೆ ಹೇಳುವ ಒಬ್ಬ ಅಜ್ಜಿ ಇದ್ದಾರೆ, ಕಿವಿ ಮಂದ, ನೆನಪು ಚೆನ್ನಾಗಿದೆ ಎಂದರು. ಅದೇ ಅಜ್ಜಿಯೋ ಅಲ್ಲವೋ ಅವರಿಗೂ ಗೊತ್ತಿಲ್ಲ. ಬರುವ ಭಾನುವಾರ ಹೋಗುತ್ತಿದ್ದೇನೆ. ಹಾಡನ್ನು ಫೋನಿಗೆ ಹಾಕಿಕೊಂಡಿದ್ದೇನೆ, ಜೋರಾಗಿ ಕೇಳಿಸಲು ಒಂದು ಸ್ಪೀಕರ್ ಕೂಡ. ಕ್ಯಾಸೆಟ್ಟನ್ನೂ ತಗೊಂಡು ಹೋಗುತ್ತೇನೆ. ಅವರ ಕೈಗೆ ಕೊಡಬೇಕು ಅಂತ ಆಸೆ.

ಅತ್ತೆಯೂ ಬರುತ್ತಾರಂತೆ. ಬಿಸಿಲು, ದೂರ, ಮಂಡಿ ನೋವು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

"ನಾನ್ ಬರ್ಲೇಬೇಕು ಕಣಪ್ಪಾ. ನಿಮ್ ಮಾವ ಆ ಹಾಡ್ ಹಾಕ್ದಾಗೆಲ್ಲ ಕೇಳೋರು, ಮೂರ್ನೇ ಸೊಲ್ನಾಗೆ ನಗ್ತಾಳಲ್ಲ, ಅವ್ಳು ಯಾಕ್ ನಕ್ಳು ಅಂತ. ಅವ್ಳು ಇದ್ರೆ ಕೇಳ್ಬೇಕು."